ಸರೋಜಳ ಮೂಗು ಹಿಡಿದ ದಿನ

ಮೊಮ್ಮಗಳು ಇವತ್ತು "ಬಿಗ್, ಸ್ಮಾಲ್, ಹಾಟ್, ಕೋಲ್ಡ್" ಎಂದು ಬಾಯಿಪಾಠ ಮಾಡುತ್ತಿದ್ದಾಗ ನನ್ನ ಕೆನ್ನೆ ಚುರ್ರೆಂದಿತು.

ಕೆಂಗೇರಿಯ ನಮ್ಮ ಶಾಲೆಯಲ್ಲಿ ಮೇಷ್ಟ್ರು ಇಂಗ್ಲಿಷಿನ ವಿರುದ್ಧ ಪದ ಕೇಳುತ್ತಿದ್ದರು. ಸರಿಯಾಗಿ ಹೇಳಿದವರು ತಪ್ಪಿದವರ ಮೂಗು ಹಿಡಿದು ಕೆನ್ನೆಗೆ ಹೊಡೆಯಬೇಕು. ಶಾನುಭೋಗರ ಮಗಳು ಸರೋಜ ದಿನಾ ಬಳೆ ಮೇಲೇರಿಸಿಕೊಂಡು ನನಗೆ ಹೊಡೆಯುತ್ತಿದ್ದಳು. "ಸಗಣಿ ಬಾಚೋಳಿಗೆ ಇಂಗ್ಲಿಷ್ ಯಾಕೆ ಕಣೇ?"

ಆಂಜನೇಯನನ್ನು ನೆನೆದು, ಬೆರಣಿ ತಟ್ಟುತ್ತಲೇ ಅಣ್ಣನ ಬಾಯಿಂದ ಎಲ್ಲ ಕಲಿತೆ. ಒಂದು ದಿನ ಮೇಷ್ಟ್ರು 'ನ್ಯಾರೋ' ಅಂದಾಗ ಸರೋಜ ತಡವರಿಸಿದಳು. ನಾನು 'ವೈಡ್' ಎಂದೆ.

"ಮೆಲ್ಲಗೆ ಕಣಮ್ಮಾ," ಅಂದರು ಮೇಷ್ಟ್ರು. ನನ್ನ ಕೆನ್ನೆಗೆ ಬೀಳುವಾಗ ಒಂದು ದಿನವೂ ಹಾಗೆ ಅಂದವರಲ್ಲ. ಅವಳ ಮೂಗು ಬಿಗಿಯಾಗಿ ಹಿಡಿದು, ಕೈ ಉರಿಯುವಂತೆ ಬಾರಿಸಿದೆ.

ಸಂಜೆ ಗುಡಿಯಲ್ಲಿ ಅವ್ವ, "ತಪ್ಪಾಯ್ತು ಸ್ವಾಮಿ ಅನ್ನು," ಅಂತ ಗದರಿದಳು. ನಾನು ಅನ್ನಲಿಲ್ಲ.

ಈಗಲೂ ದಿನಾ ಪೂಜೆ ಮಾಡುತ್ತೇನೆ. ಆ ಮಾತು ಮಾತ್ರ ಇನ್ನೂ ಅಂದಿಲ್ಲ.