ಆರು ಗುಂಡಿಯ ಕೋಟು

ಬೀದಿಯವರೆಲ್ಲ ಅವಳನ್ನು ಕಾಗುಣಿತದಮ್ಮ ಎಂದೇ ಕರೆಯುತ್ತಿದ್ದರು. ಮೂವತ್ತು ವರ್ಷ ಅಚ್ಚುಕೂಟದಲ್ಲಿ ಪ್ರೂಫ್ ತಿದ್ದಿದವಳು. ಅಂಗಡಿ ಬೋರ್ಡಿನಲ್ಲಿ ಒಂದು ಕೊಂಬು ಹೆಚ್ಚಾಗಿದ್ದರೂ ಒಳಗೆ ನುಗ್ಗಿ ಹೇಳಿಯೇ ಬರುವವಳು. ಗಂಡ ದರ್ಜಿ, ನಾಲ್ಕನೇ ಕ್ಲಾಸಿಗೇ ಶಾಲೆಗೆ ಕೈಮುಗಿದವನು. ಮನೆಗೆ ತಂದ ಪ್ರೂಫನ್ನು ಅವಳು ಗಟ್ಟಿಯಾಗಿ ಓದುತ್ತಿದ್ದಳು, ಅವನು ಹೊಲಿಯುತ್ತ ಕೇಳುತ್ತಿದ್ದ. ಲೋಕದ ಸಂಗತಿ ಅವನಿಗೆ ತಿಳಿದದ್ದು ಅಷ್ಟರಿಂದಲೇ.

ಕಣ್ಣಿನ ನರ ಸೊರಗಿ ಪೂರ್ತಿ ಕತ್ತಲಾದ ಮೇಲೆ ಅವಳು ಹಾಸಿಗೆ ಹಿಡಿದಳು. ಬೇರೆ ಕಾಯಿಲೆಯೇನೂ ಇರಲಿಲ್ಲ. ಓದಲಾಗದ ಬದುಕು ಬೇಡವಾಗಿತ್ತು, ಅಷ್ಟೇ. ನಾಲ್ಕು ತಿಂಗಳು ಗೋಡೆಗೆ ಮುಖ ಮಾಡಿ ಮಲಗಿದಳು. ಗಂಡ ಅಂಧರ ಶಾಲೆಯಿಂದ ಬ್ರೈಲ್ ಕಲಿಸುವ ಟೀಚರಮ್ಮನನ್ನು ಕರೆತಂದಾಗ ಸಿಡುಕಿದಳು.

“ಈ ವಯಸ್ಸಲ್ಲಿ ನನಗೆ ಅಆಇಈನಾ? ಮೊದಲು ಇವರಿಗೆ ಕಲಿಸಿ. ಹದಿನೈದು ದಿನದಲ್ಲಿ ಕಣ್ಣು ಕಟ್ಕೊಂಡು ಒಂದು ಸಾಲು ಓದ್ಲಿ. ಓದಿದ್ರೆ ನಾನೂ ಕಲೀತೀನಿ, ಇಲ್ದಿದ್ರೆ ಈ ಕಡೆ ಬರ್ಲೇಬೇಡಿ.”

“ಆಗ್ಲಿ ಕಣೇ,” ಅಂದ ದರ್ಜಿ. ಪೀಡೆ ತೊಲಗಿತು ಅಂದುಕೊಂಡಳು ಇವಳು.

ಪಾಠ ಅದೇ ಕೋಣೆಯಲ್ಲೇ ಶುರುವಾಯಿತು. ಒಂದೊಂದು ಅಕ್ಷರಕ್ಕೂ ಆರು ಚುಕ್ಕಿಯ ಜಾಗ, ಎಡಕ್ಕೆ ಮೂರು, ಬಲಕ್ಕೆ ಮೂರು. ಯಾವ ಚುಕ್ಕಿ ಉಬ್ಬಿದೆಯೋ ಅದರ ಪ್ರಕಾರ ಅಕ್ಷರ, ಎಂದಳು ಟೀಚರಮ್ಮ.

“ಅಯ್ಯೋ, ಎರಡು ಸಾಲು ಗುಂಡಿಯ ಕೋಟು!” ದರ್ಜಿಗೆ ಖುಷಿಯೋ ಖುಷಿ. “ಒಂದೊಂದು ಅಕ್ಷರಾನೂ ಗುಂಡಿ ಕಿತ್ಕೊಂಡು ಬಂದ ಗಿರಾಕಿ ಅನ್ನಿ!”

ಅಂದಿನಿಂದ ಹೊಲಿಗೆ ಮಿಷನ್ನಿನ ಸದ್ದಿನ ಜೊತೆ ಬಾಯಿಪಾಠ. “ಅ, ಎಡಗಡೆ ಮೇಲಿಂದೊಂದೇ. ಬ, ಅದರ ಕೆಳಗಿಂದೂ ಇದೆ. ಲ, ಎಡಸಾಲು ಪೂರ್ತಿ, ಬಲಸಾಲು ಬೋಳು.”

“ತಲೆ ತಿನ್ಬೇಡಿ ರೀ!” ಅವಳು ಹೊದಿಕೆ ಎಳೆದುಕೊಂಡಳು.

ನಾಲ್ಕನೇ ದಿನ ಬರವಣಿಗೆ. ದಪ್ಪ ಕಾಗದದ ಹಿಂಬದಿಯಲ್ಲಿ ಬಲದಿಂದ ಎಡಕ್ಕೆ, ಎಲ್ಲವನ್ನೂ ತಿರುವುಮುರುವಾಗಿ ಚುಚ್ಚಬೇಕು. ಮಗುಚಿದರೆ ಮುಂಬದಿಯಲ್ಲಿ ಸರಿಯಾಗಿ ಉಬ್ಬಿರುತ್ತದೆ. ಎಂಥವರೂ ಇಲ್ಲಿ ವಾರಗಟ್ಟಲೆ ಮುಗ್ಗರಿಸುತ್ತಾರಂತೆ. ಟಕ್ ಟಕ್ ಸದ್ದು ಒಂದು ಗಂಟೆ ಕೇಳಿಸಿತು. ಆಮೇಲೆ ಟೀಚರಮ್ಮನ ದನಿ: “ಒಂದೂ ತಪ್ಪಿಲ್ಲ! ಇದು ಹೇಗೆ ಸಾಧ್ಯ?”

“ನಾವು ಬಟ್ಟೆ ಹೊಲಿಯೋದೇ ಒಳಮೈಯಿಂದ ಅಲ್ವಾ ಟೀಚರಮ್ಮ?”

ಗೋಡೆಯ ಕಡೆ ಮುಖ ಮಾಡಿದ್ದವಳು ಹೊದಿಕೆ ಸರಿಸಿ ಕಿವಿಗೊಟ್ಟಳು. ಅಕ್ಷರ ಹತ್ತದ ಮನುಷ್ಯ ಎಂದು ತಾನು ಇಷ್ಟು ವರ್ಷ ತಿಳಿದದ್ದು ಇವನನ್ನೇನಾ? ಬೆರಗಾಯಿತು, ನಾಚಿಕೆಯೂ ಆಯಿತು. ಆದರೂ ಈ ಕಡೆ ಹೊರಳಲಿಲ್ಲ, ಜಂಬ ಅಂದರೆ ಜಂಬ.

ಹದಿನೈದನೇ ದಿನ ಟೀಚರಮ್ಮ ಅವನ ಕಣ್ಣಿಗೆ ಬಟ್ಟೆ ಕಟ್ಟಿ ಹೊಸ ಹಾಳೆ ಕೊಟ್ಟಳು. ಸೂಜಿ ಚುಚ್ಚಿಸಿಕೊಂಡು ಜಡ್ಡುಗಟ್ಟಿದ ಬೆರಳು ಕಾಗದದ ಮೇಲೆ ಸರಸರ ಸವರುವುದು ಹಾಸಿಗೆಗೂ ಕೇಳಿಸುತ್ತಿತ್ತು.

“ಮ... ಗು. ಮಗು! ಹಾ...” ಎಂದವನು ನಿಂತುಬಿಟ್ಟ. “ಎಡಗಡೆ ಮೇಲಿಂದು ಇದೆ... ನಡುವಿಂದೂ ಇದೆ... ಕೆಳಗಿಂದೂ... ಥತ್, ಬಾಯಲ್ಲೇ ಇದೆ, ಬರ್ತಿಲ್ಲ.”

ಟೀಚರಮ್ಮ ಕಾದಳು. ಅವನು ಮತ್ತೆ ಸವರಿದ, ನಿಟ್ಟುಸಿರು ಬಿಟ್ಟ. ಇನ್ನೇನು ಸೋತ.

“ಲ ಕಣ್ರೀ ಅದು!”

ಕೂಗಿದ್ದು ತಾನೇ ಎಂದು ತಿಳಿಯಲು ಅವಳಿಗೆ ಒಂದು ಗಳಿಗೆ ಹಿಡಿಯಿತು. ಯಾರೂ ಅವಳಿಗೆ ಕಲಿಸಿರಲಿಲ್ಲ. ಮನಸ್ಸಿನಲ್ಲೇ ಒಂದೊಂದು ಅಕ್ಷರವನ್ನೂ ಕರೆದು ನೋಡಿದಳು. ಕರೆದದ್ದೆಲ್ಲ ತನ್ನ ತನ್ನ ಗುಂಡಿ ಸಮೇತ ಬಂದು ನಿಂತಿತು. ಮೈ ಜುಮ್ಮೆಂದಿತು. ಎದ್ದು ಕೂತು ಕೈ ಚಾಚಿದಳು.

“ಕೊಡಿ ಇಲ್ಲಿ.”

ಅವನು ಅವಳ ಬೆರಳು ಹಿಡಿದು ಚುಕ್ಕಿಗಳ ಮೇಲಿಟ್ಟ. ಒಂದು ಸಾಲಿಗೆ ಅರ್ಧ ಗಂಟೆ ಬೇಕಾಯಿತು. ಸಾವಿರಾರು ಪುಟ ಓದಿದ್ದ ಹೆಂಗಸು ಕೊನೆಗೆ ಗಟ್ಟಿಯಾಗಿ ಓದಿದಳು: “ಮಗು ಹಾಲು ಕುಡಿಯಿತು.”

ದರ್ಜಿ ಕಣ್ಣಿನ ಬಟ್ಟೆ ಬಿಚ್ಚುವುದನ್ನೂ ಮರೆತು ಅವಳ ಕಡೆ ಬಾಗಿದ.

“ಆಮೇಲೇನಾಯ್ತೇ?” ಅಂದ.

ಟೀಚರಮ್ಮ ಅವಸರದಲ್ಲಿ ಚೀಲಕ್ಕೆ ಕೈಹಾಕಿ ಎರಡನೇ ಹಾಳೆ ಹುಡುಕತೊಡಗಿದಳು.