ಮಗ್ಗದ ಮುಂದೆ ಓದಲು ಬಂದ ಶಾಂತಾ

ಮಗ್ಗದ ಸಪ್ಪಳ ಕೇಳಿಸದಿದ್ದರೆ ಆ ಮನೆಯಲ್ಲಿ ಯಾರಿಗೋ ಜ್ವರ ಬಂದಿದೆಯೆಂದು ಓಣಿಯೆಲ್ಲ ತಿಳಿದುಕೊಳ್ಳುತ್ತಿದ್ದ ಕಾಲವದು. ಬನಹಟ್ಟಿಯ ನಮ್ಮ ಓಣಿಯಲ್ಲಿ ಹಾಸಿಗೆ ಹಚ್ಚುವ ಗಂಜಿಯ ವಾಸನೆ, ಬಣ್ಣದ ನೂಲಿನ ವಾಸನೆ, ನಡುವೆ ಯಾರದೋ ಒಲೆಯ ಮೇಲಿನ ರೊಟ್ಟಿಯ ವಾಸನೆ. ಮೊಮ್ಮಗಳು ಫೋನಿನಲ್ಲಿ ಬರೆಯುವುದನ್ನು ಮೊನ್ನೆ ಮೊನ್ನೆ ಕಲಿಸಿದ್ದಾಳೆ. ಒಂದೊಂದೇ ಅಕ್ಷರ ಒತ್ತುತ್ತ ಇದನ್ನು ಬರೆಯಲು ಕೂತದ್ದು, ಮುಚ್ಚಿಡುವುದೇಕೆ, ಹೊಟ್ಟೆಕಿಚ್ಚಿನಿಂದ.

ಅಪ್ಪನಿಗೆ ಓದಲು ಬರುತ್ತಿರಲಿಲ್ಲ, ಆದರೆ ಕೇಳುವ ಚಟ ಬಹಳ. ಮಗ್ಗದ ಕೆಳಗೆ ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ಅವನು ಸೀರೆ ನೇಯುವಾಗ, ಕುಣಿಯ ದಂಡೆಯ ಮೇಲೆ ಕೂತು ನಾನು ಗಟ್ಟಿಯಾಗಿ ಪಾಠ ಓದಬೇಕು.

"ರಾಜಾ ಸತ್ತಾ ಅಂದಿ. ಏನಾಗಿತ್ತು ಅವಗ?"

"ಪುಸ್ತಕದಾಗ ಇಲ್ಲಪಾ."

"ಮಾಸ್ತರಗ ಕೇಳಿ ಬಾ. ಸುಮ್ಮಸುಮ್ಮನ ಹೆಂಗ ಸಾಯತಾನ?"

ಮರುದಿನ ಮಾಸ್ತರರನ್ನು ಕಾಡಿ, ಸಂಜೆ ಓಡಿ ಬಂದು ಹೇಳುತ್ತಿದ್ದೆ. ಅಪ್ಪ ಕೇಳುತ್ತಾನೆಂದೇ ನಾನು ಓದುತ್ತಿದ್ದೆ. ಆದರೆ ಅದು ಆಗ ನನಗೆ ಗೊತ್ತಿರಲಿಲ್ಲ.

ನನ್ನ ಕಣ್ಣೆಲ್ಲ ಶಾಂತಾಳ ಖೋಲಿಯ ಮೇಲಿತ್ತು. ಅವಳು ನೂಲಿನ ವ್ಯಾಪಾರಿಯ ಮಗಳು, ನನ್ನದೇ ವರ್ಗದವಳು. ಓದಲಿಕ್ಕೆಂದೇ ಆಕೆಗೊಂದು ಖೋಲಿ, ಅದರಲ್ಲಿ ಮೇಜು, ಕುರ್ಚಿ, ತಿರುಗುವ ಫ್ಯಾನು. ಏಳನೇ ಇಯತ್ತೆಯ ಪರೀಕ್ಷೆ ಹತ್ತಿರ ಬಂದಾಗ ನಾನೂ ಅಲ್ಲೇ ಓದುತ್ತೇನೆಂದು ಗಂಟುಬಿದ್ದು ಹೋದೆ. ಅವರವ್ವ ಶೇಂಗಾ ಉಂಡಿ ಕೊಟ್ಟು ಬಾಗಿಲು ಎಳೆದುಕೊಂಡು ಹೋದಳು. ಒಂದು ಸಪ್ಪಳವಿಲ್ಲ. ಉಂಡಿ ತಿಂದೆ, ಪುಸ್ತಕ ತೆರೆದೆ, ಕುರ್ಚಿಯಲ್ಲೇ ನಿದ್ದೆಹೋದೆ. ಮರುದಿನವೂ ಅದೇ.

"ನನಗೂ ದಿನಾ ಹಿಂಗ ನಿದ್ದಿ ಬರತೈತಿ," ಎಂದಳು ಶಾಂತಾ. "ನಿಮ್ಮ ಮನಿಗೆ ಹೋಗೂಣ ನಡಿ."

ಕರೆದುಕೊಂಡು ಬಂದೆನಲ್ಲ, ಅಲ್ಲಿಗೆ ಕೆಟ್ಟಿತು.

ಮೊದಮೊದಲು ಅವಳ ದನಿ ಮಗ್ಗದ ಸಪ್ಪಳದಲ್ಲಿ ಮುಳುಗಿಹೋಗುತ್ತಿತ್ತು. ಅಪ್ಪ "ಏನಂದಿ ತಂಗೀ, ಗಟ್ಟ್ಯಾಗಿ ಅನ್ನು" ಎನ್ನುತ್ತಿದ್ದ. ವಾರ ಕಳೆಯುವುದರಲ್ಲಿ ಅವಳು ಓಣಿಗೆಲ್ಲ ಕೇಳುವಂತೆ ಓದತೊಡಗಿದಳು. ಅಪ್ಪ ಅವಳನ್ನೂ ಪ್ರಶ್ನೆ ಕೇಳಿದ. ಅವಳೂ ಮಾಸ್ತರರ ಬೆನ್ನುಹತ್ತಿದಳು. ಬೇಸತ್ತು ಓಡಿಹೋಗಲಿ ಎಂದು ರಾಟಿಯ ಮುಂದೆ ಕೂರಿಸಿ ಲಾಳಿಯೊಳಗಿನ ಕಂಡಿಕಿಗೆ ನೂಲು ಸುತ್ತಲು ಹಚ್ಚಿದೆ. ಹಾಳಾದವಳು ಅದನ್ನೂ ಕಲಿತಳು.

"ಈ ಹುಡುಗಿ ಭಾಳ ಛಲೋ ಓದತಾಳ ನೋಡು," ಎಂದ ಅಪ್ಪ, ನನ್ನ ಮುಂದೆಯೇ.

ಅಂದಿನಿಂದ ಅವಳು ಓದುವಾಗ ನಾನೂ ಓದಲು ಶುರುಮಾಡಿದೆ, ಅವಳಿಗಿಂತ ಜೋರಾಗಿ. ಒಂದು ಕಿವಿಗೆ ವಿಜ್ಞಾನ, ಒಂದು ಕಿವಿಗೆ ಇತಿಹಾಸ ಬಿದ್ದು ಅಪ್ಪ ಲಾಳಿ ಬದಲಿಸುವುದನ್ನೇ ಮರೆತ. ಹಸಿರು ಬರಬೇಕಾದ ಚೌಕಡಿಯಲ್ಲಿ ಕೆಂಪು ಕೂತಿತು. ಎಳೆ ಎಳೆ ಬಿಚ್ಚುತ್ತ ಹೇಳಿದ:

"ನಾಳಿಂದ ಒಬ್ಬರಾದ ಮ್ಯಾಲ ಒಬ್ಬರು ಓದ್ರಿ. ಮೊದಲ ಶಾಂತಾ. ಮಂದಿ ಮನಿ ಹುಡುಗಿ ಅದಾಳ."

"ಮತ್ತ ನಾನು?"

"ನೀ ಮನ್ಯಾಗಿನಾಕಿ, ಎಲ್ಲಿ ಹೋಗ್ತಿ?"

ಕೊನೆಗೆ ಹೋದವಳು ನಾನೇ. ಇಬ್ಬರೂ ಪಾಸಾದೆವು. ಶಾಂತಾಗೆ ಅಂಕ ಹೆಚ್ಚು. ತನ್ನ ಮನೆಯಲ್ಲಿ ಓದಲು ಬೇರೆ ಖೋಲಿ ಇದೆಯೆಂದು ಹೈಸ್ಕೂಲಿಗೆ ನನ್ನನ್ನು ಜಮಖಂಡಿಯ ಸೋದರಮಾವ ಕರೆದೊಯ್ದ. ಅಲ್ಲಿ ಮಾಳಿಗೆಯ ಮೇಲೆ ನನಗೊಂದು ಖೋಲಿ, ಮೇಜು, ಕುರ್ಚಿ. ಬಯಸಿದ್ದೆಲ್ಲ ಸಿಕ್ಕಿತು, ಪಾಠ ಮಾತ್ರ ತಲೆಗೆ ಹೋಗಲಿಲ್ಲ. ಗಟ್ಟಿಯಾಗಿ ಓದಿದರೆ ಅತ್ತೆ ಕೆಳಗಿನಿಂದಲೇ ಕೂಗುತ್ತಿದ್ದಳು: "ಗ್ವಾಡಿಗೆ ಯಾಕ ಓದಿ ಹೇಳ್ತೀಯವಾ?"

ದೀಪಾವಳಿಗೆ ಊರಿಗೆ ಬಂದೆ. ಬಸ್ಸಿಳಿದವಳು ಚೀಲ ಹಿಡಿದು ಮನೆಯೊಳಗೆ ಕಾಲಿಟ್ಟರೆ, ಕುಣಿಯ ದಂಡೆಯ ಮೇಲೆ ಶಾಂತಾ ಎಂಟನೇ ಇಯತ್ತೆಯ ಭೂಗೋಳ ಓದುತ್ತಿದ್ದಾಳೆ.

"ಬಂದೇನವಾ," ಎಂದ ಅಪ್ಪ. "ಕೈಕಾಲು ತೊಳಕೋ ಹೋಗು. ಆಕಿದು ಇನ್ನ ಒಂದೀಟ ಉಳದೈತಿ."

ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ. ಅವ್ವ ಕೇಳಿದ್ದಕ್ಕೆ ಕಣ್ಣಿಗೆ ಸಾಬೂನು ಹೋಯಿತೆಂದೆ.

ಅಪ್ಪ ಹೋಗಿ ಬಹಳ ವರ್ಷವಾಯಿತು. ಕುಣಿ ಮುಚ್ಚಿ ಮೇಲೆ ಫರಸಿ ಕಲ್ಲು ಹಾಸಿದ್ದಾರೆ. ಓಣಿಯಲ್ಲೀಗ ಪವರ್‌ಲೂಮುಗಳ ಗದ್ದಲ, ಎದುರಿಗೆ ನಿಂತವರ ಮಾತೂ ಕೇಳಿಸದು. ಮೊಮ್ಮಗಳು ಇಯರ್‌ಫೋನ್ ಸಿಕ್ಕಿಸಿಕೊಂಡು ಬಾಗಿಲು ಹಾಕಿ ಓದುತ್ತಾಳೆ. ನನಗೂ ಒಂದಿಷ್ಟು ಕೇಳಿಸು ಎಂದರೆ, "ನಿನಗ ತಿಳಿಯಂಗಿಲ್ಲ ಬಿಡಬೇ ಆಯಿ" ಎನ್ನುತ್ತಾಳೆ.

ಶಾಂತಾ ಟೀಚರಾಗಿ ರಿಟೈರಾಗಿದ್ದಾಳೆ. ನಾನಿಲ್ಲದಾಗ ಅಪ್ಪ ಏನೇನು ಕೇಳುತ್ತಿದ್ದ ಎಂದು ಮೊನ್ನೆ ಫೋನಿನಲ್ಲಿ ಕೇಳಿದೆ.

"ಒಂದಽ ಎರಡಽ? ಭೂಮಿ ತಿರಗತೈತಿ ಅಂತ ಓದಿದ್ನೆಲಾ, 'ಹಂಗಿದ್ರ ನನ್ನ ಕುಣಿ ಯಾಕ ಅಲಗ್ಯಾಡವಲ್ದು' ಅಂದಾ ಕಾಕಾ."

ಅವಳು ನಗುತ್ತಲೇ ಇದ್ದಳು. ನಾನೂ ನಕ್ಕೆ. ಎಂಟು, ಒಂಬತ್ತು, ಹತ್ತನೇ ಇಯತ್ತೆಯ ಅಪ್ಪ ಪೂರಾ ಅವಳ ಹತ್ತಿರವೇ ಇದ್ದಾನೆ. ನನ್ನಪ್ಪ ಏನಂದನೆಂದು ತಿಳಿಯಬೇಕಾದರೆ ನಾನು ಅವಳಿಗೆ ಫೋನ್ ಹಚ್ಚಬೇಕು.