ಕೇಳಿ ಆಡಲು ಕಲಿಸಿದವರು

ಅವರ ಬಲಗಿವಿಯ ಸಂದಿಯಲ್ಲಿ ಯಾವಾಗಲೂ ಒಂದು ಟೆಸ್ಟರ್ ಇರುತ್ತಿತ್ತು, ಬಡಗಿ ಪೆನ್ಸಿಲು ಸಿಕ್ಕಿಸಿಕೊಳ್ಳುವ ಹಾಗೆ. ಅದರ ಹಳದಿ ಹಿಡಿ ನನಗೆ ದೂರದಿಂದಲೂ ಕಾಣುತ್ತಿದ್ದ ಕಾರಣ, ಉಪ್ಪಳ ಪೇಟೆಯ ಜನರ ನಡುವೆ ನಾನು ಮೊದಲು ಗುರುತಿಸಲು ಕಲಿತದ್ದು ಅವರನ್ನೇ. ಹುಟ್ಟಿನಿಂದಲೇ ನನ್ನ ದೃಷ್ಟಿ ಮಂದ. ದಪ್ಪ ಕನ್ನಡಕ ಹಾಕಿದರೂ ಮುಖಗಳೆಲ್ಲ ಮಸುಕು ಮಸುಕು.

ಅವರನ್ನು ಎಲ್ಲರೂ ಕಾಕ ಎಂದೇ ಕರೆಯುತ್ತಿದ್ದರು. ಸ್ಟೇಷನ್ ರಸ್ತೆಯಲ್ಲಿ ಅವರ ರೇಡಿಯೊ, ಟಿವಿ ರಿಪೇರಿ ಅಂಗಡಿ. ಪಕ್ಕದಲ್ಲೇ ನನ್ನ ಅಮ್ಮನ ಟೈಲರ್ ಅಂಗಡಿ. ಶಾಲೆ ಬಿಟ್ಟ ಮೇಲೆ ನಮ್ಮೂರಾದ ಬಾಯಾರಿಗೆ ಹೋಗುವ ಬಸ್ಸು ಬರುವವರೆಗೆ ನಾನು ಅಲ್ಲೇ ಕಾಯಬೇಕಿತ್ತು. ಗಲ್ಫಿನಿಂದ ಮರಳುವಾಗ ಕಾಕ ಒಂದು ವಿಡಿಯೊ ಗೇಮ್ ಯಂತ್ರ ತಂದಿದ್ದರು. ಅದರಲ್ಲಿದ್ದದ್ದು ಒಂದೇ ಆಟ. ಹಡಗು ಮುಳುಗುವ ಒಂದು ಇಂಗ್ಲಿಷ್ ಸಿನಿಮಾದ ಬೆನ್ನಿಗೇ ಮಾಡಿದ ಆಟ ಅದು. ಮುಳುಗುತ್ತಿರುವ ಹಡಗಿನೊಳಗಿಂದ ನಾವಿಕನೊಬ್ಬ ಓಡಿ, ಹಾರಿ, ಪಾರಾಗಬೇಕು.

ಮೊದಲ ದಿನ ಟಿವಿಯ ಗಾಜಿಗೆ ಮೂಗು ತಾಗಿಸಿ ನಿಂತ ನನ್ನನ್ನು ನೋಡಿ ಆಟಕ್ಕೆ ಕಾದಿದ್ದ ಹುಡುಗರು ನಕ್ಕರು. ಕಾಕ ಎದ್ದು ಬಂದು ಟಿವಿ ಆರಿಸಿದರು. ಆ ದಿನ ಯಾರಿಗೂ ಆಟ ಇರಲಿಲ್ಲ. ಮರುದಿನ ನಾನು ಹೋದಾಗ ಟಿವಿ ನನ್ನ ಎದೆಯ ಎತ್ತರಕ್ಕೆ ಇಳಿದಿತ್ತು, ಗಾಜಿನ ಮೇಲೆ ಬೆಳಕು ಹೊಳೆಯದಂತೆ ಕಿಟಕಿಗೆ ಕಪ್ಪು ಬಟ್ಟೆ ಬಂದಿತ್ತು.

ಆದರೂ ಮೂರನೆಯ ಹಂತ ನನಗೆ ದಾಟಲಾಗಲಿಲ್ಲ. ಅದು ಹಡಗಿನ ಉಗ್ರಾಣ. ಕಪ್ಪಿನ ಮೇಲೆ ಕಂದು. ನನಗೆ ಅದು ಬರೀ ಕತ್ತಲೆ. ನಾನು ಅತ್ತುಬಿಟ್ಟೆ. ಕಾಕ ಸಮಾಧಾನ ಮಾಡುವ ಜನ ಅಲ್ಲ. "ಸತ್ತೆಯಲ್ಲ, ಇನ್ನೊಮ್ಮೆ" ಎನ್ನುವುದು ಅವರ ಕ್ರಮ. ಅಂದು ಮಾತ್ರ ಕೆಲಸ ಬಿಟ್ಟು ಬಂದು, ತಾವೇ ಕಣ್ಣು ಮುಚ್ಚಿ ಕುಳಿತು, ಉಗ್ರಾಣದ ಹಂತವನ್ನು ಆಡತೊಡಗಿದರು. ಹತ್ತಿಪ್ಪತ್ತು ಸಲ ನೀರಿಗೆ ಬಿದ್ದಿರಬೇಕು. ಆಮೇಲೆ ನನ್ನ ಕಡೆ ತಿರುಗಿದರು. ಮಗಳೇ ಎನ್ನಲು ಅವರು ಮೋಳೇ ಎನ್ನುತ್ತಿದ್ದರು.

"ಮೋಳೇ, ಹಲಗೆ ಮುರಿಯುವ ಮೊದಲು ಟಿಕ್ ಅಂತ ಒಂದು ಸದ್ದು ಉಂಟು. ಪೀಪಾಯಿ ಉರುಳುವಾಗ ಬೇರೆ ಸದ್ದು. ನೋಡಿ ಆಡುವವರು ಆಡಲಿ. ನೀನು ಕೇಳಿ ಆಡು."

ಒಂದು ವಾರದಲ್ಲಿ ನಾನು ಉಗ್ರಾಣ ದಾಟಿದೆ. ಅಂದೇ ಕಾಕ ಅಮ್ಮನ ಅಂಗಡಿಗೆ ಬಂದು, ರಿಪೇರಿ ಮಾಡಿದ್ದ ಒಂದು ಟೇಪ್ ರೆಕಾರ್ಡರನ್ನು ಹೊಲಿಗೆ ಮೆಷಿನಿನ ಮೇಲಿಟ್ಟರು. ನನ್ನನ್ನು ಶಾಲೆ ಬಿಡಿಸುವ ಮಾತು ಆಗ ಮನೆಯಲ್ಲಿ ನಡೆದಿತ್ತು.

"ಅಕ್ಕಾ, ಪಾಠ ಓದಿ ಇದರಲ್ಲಿ ಹಾಕಿ. ಇವಳು ಕಿವಿಯಲ್ಲಿ ಕಲಿಯುವ ಜನ."

"ಆದೀತಾ ಕಾಕಾ?" ಎಂದು ಅಮ್ಮ ಕೇಳಿದರು.

"ಆಗದೆ ಎಂತ? ನಾನು ನೋಡಿದ್ದೇನಲ್ಲ."

ಅಮ್ಮ ಗುಂಡಿ ಹೊಲಿಯುತ್ತಾ ಓದಿದ ಪಾಠಗಳನ್ನು ಕೇಳಿಯೇ ನಾನು ಹತ್ತನೆಯದು ಮುಗಿಸಿದೆ, ಕಾಲೇಜು ಮುಗಿಸಿದೆ. ಈಗ ಬದಿಯಡ್ಕದ ಶಾಲೆಯೊಂದರಲ್ಲಿ ಟೀಚರ್.

ಆ ಹಳೆಯ ಆಟ ಹೊಸ ರೂಪದಲ್ಲಿ ಮತ್ತೆ ಬಂದಿದೆಯೆಂದು ಕಳೆದ ವರ್ಷ ಗೊತ್ತಾಯಿತು. ಯಂತ್ರದೊಡನೆ ತರಿಸಿಕೊಂಡೆ. ಆಟ ತೆರೆದೊಡನೆ ಒಂದು ಧ್ವನಿ ಆಯ್ಕೆಗಳ ಪಟ್ಟಿಯನ್ನು ಓದಿ ಹೇಳಿತು: ಅಕ್ಷರ ದೊಡ್ಡದು ಮಾಡಬೇಕೇ, ಅಪಾಯಗಳಿಗೆ ಗಾಢ ಬಣ್ಣ ಬೇಕೇ, ವೇಗ ತಗ್ಗಿಸಬೇಕೇ, ಒಂದೇ ಕೈಯಲ್ಲಿ ಆಡುತ್ತೀರಾ? ಕಾಕ ಕಪ್ಪು ಬಟ್ಟೆ ಕಟ್ಟಿ ಮಾಡಿದ್ದನ್ನು ಈಗ ಯಾರೋ ದೂರದವರು ಆಟದೊಳಗೇ ಮಾಡಿಟ್ಟಿದ್ದರು. ಹೊಸದಾಗಿ ಸೇರಿಸಿದ ಸಂಗೀತ ಮಾತ್ರ ಉಗ್ರಾಣದ ಸದ್ದುಗಳನ್ನೆಲ್ಲ ನುಂಗಿತ್ತು. ಅದನ್ನು ಪೂರ್ತಿ ನಿಲ್ಲಿಸಿದೆ. ಹಲಗೆಯ ಟಿಕ್ ಅಲ್ಲೇ ಇತ್ತು.

ಯಂತ್ರವನ್ನು ಚೀಲಕ್ಕೆ ಹಾಕಿಕೊಂಡು, ಬಸ್ಸು ಬದಲಿಸಿ ಉಪ್ಪಳಕ್ಕೆ, ಕಾಕನ ಮನೆಗೆ ಹೋದೆ. ಕಾಕನ ಅಂಗಡಿ ಮುಚ್ಚಿ ವರ್ಷಗಳಾಗಿದ್ದವು. ಪಕ್ಷವಾತದಿಂದ ಅವರ ಬಲಗೈ, ಬಲಗಾಲು ಬಿದ್ದುಹೋಗಿದ್ದವು, ಮಾತು ತೊದಲುತ್ತಿತ್ತು. ಅವರ ಮಗಳು ಯಂತ್ರವನ್ನು ಟಿವಿಗೆ ಜೋಡಿಸಿಕೊಟ್ಟಳು. ಕಾಕ ಮುಖ ತಿರುಗಿಸಿ "ಬೇಡ" ಎಂದರು.

"ಉಪ್ಪ ಈಗ ಯಾವುದಕ್ಕೂ ಬೇಡವೇ ಹೇಳುವುದು" ಎಂದಳು ಮಗಳು, ಅಪ್ಪನನ್ನು ನೋಡುತ್ತಾ ಮೆಲ್ಲಗೆ.

ನಾನು ಒತ್ತಾಯಿಸದೆ ಒಬ್ಬಳೇ ಆಡತೊಡಗಿದೆ. ಉಗ್ರಾಣದಲ್ಲಿ ಕೈ ತಡವಾಗಿ ನೀರಿಗೆ ಬಿದ್ದೆ. ಹಿಂದಿನಿಂದ ಕಾಕನ ಸ್ವರ ಬಂತು. "ಸತ್ತೆಯಲ್ಲ." ಆಮೇಲೆ ಎಡಗೈ ಚಾಚಿ, "ಕೊಡು."

ಎಡಗೈಗೆ ಒಗ್ಗುವಂತೆ ಎಲ್ಲವನ್ನೂ ಬದಲಿಸಿ, ವೇಗವನ್ನೂ ಅರ್ಧಕ್ಕೆ ಇಳಿಸಿ ಕೊಟ್ಟೆ. ನಾವಿಕ ಎರಡು ಹೆಜ್ಜೆ ಇಡುವಷ್ಟರಲ್ಲಿ ಅವರಿಗೆ ತಿಳಿಯಿತು.

"ಇದು ಎಂತ, ಇಷ್ಟು ಮೆಲ್ಲ?"

"ನಿಮಗೆ ಸುಲಭ ಆಗಲಿ ಅಂತ."

"ನಿನಗೆ ನಾನು ಮೆಲ್ಲ ಮಾಡಿ ಕೊಟ್ಟದ್ದು ಉಂಟಾ?"

ನನಗೆ ನಾಚಿಕೆಯಾಯಿತು. ಅವರನ್ನು ಕೇಳದೆ ಮಾಡಿದ್ದು ತಪ್ಪೇ. ಆದರೂ ಹೇಳಿದೆ, "ಆಗಿನ ಆಟದಲ್ಲಿ ಅದು ಇರಲಿಲ್ಲ ಕಾಕಾ. ಇದ್ದಿದ್ದರೆ ಮಾಡಿಕೊಡ್ತಿದ್ರಿ."

ಅವರು ನಾವಿಕನನ್ನು ಇನ್ನೂ ನಾಲ್ಕು ಹೆಜ್ಜೆ ನಡೆಸಿ ನೋಡಿದರು.

"ಹೌದು," ಎಂದರು ಕೊನೆಗೆ. "ಮಾಡ್ತಿದ್ದೆ. ಇರಲಿ ಹಾಗೆಯೇ."

ಮುಂದಿನ ಮುಕ್ಕಾಲು ಗಂಟೆ ಅವರು ಆಡುತ್ತಲೇ ಇದ್ದರು. ನೀರಿಗೆ ಬಿದ್ದಾಗಲೆಲ್ಲ ಗಂಟಲಿನಲ್ಲೇ ಏನೋ ಗೊಣಗಿ ಮತ್ತೆ ಶುರು ಮಾಡುತ್ತಿದ್ದರು. ಅಂದು ಉಗ್ರಾಣ ದಾಟಲಿಲ್ಲ. ಯಂತ್ರವನ್ನು ಅಲ್ಲೇ ಬಿಟ್ಟು ಬಂದೆ. ಹನ್ನೆರಡು ದಿನಗಳಾದ ಮೇಲೆ ಮಗಳು ಫೋನ್ ಮಾಡಿದಳು. "ಟೀಚರೇ, ಉಪ್ಪ ಹೇಳಲಿಕ್ಕೆ ಹೇಳಿದ್ರು. ದಾಟಿ ಆಯ್ತಂತೆ."

ಮಳೆಗಾಲ ಶುರುವಾಗುವ ಮೊದಲೇ ಕಾಕ ತೀರಿಕೊಂಡರು. ನಾನು ಹೋಗುವಾಗ ಮನೆ ತುಂಬ ಜನ. ಹೆಂಗಸರು ಕುಳಿತಿದ್ದ ಕೋಣೆಯ ಬಾಗಿಲಲ್ಲಿ ನಿಂತೆ. ಯಾರ ಮುಖವೂ ನನಗೆ ತಿಳಿಯಲಿಲ್ಲ. ವಯಸ್ಸಾದ ಒಬ್ಬರು ಕೇಳಿದರು, "ನೀವು ಯಾರು ಮೋಳೇ?"

"ಅವರ ಹತ್ತಿರ ಕಲಿತವಳು" ಎಂದೆ.

"ಅವರು ಮಾಷ್ ಆಗಿದ್ದರಾ? ಯಾವ ಶಾಲೆಯಲ್ಲಿ?"

"ಇಲ್ಲೇ, ಉಪ್ಪಳದಲ್ಲಿ."

ಆ ಹಿರಿಯರು ನನ್ನ ಕೈ ಹಿಡಿದು ತಮ್ಮ ಪಕ್ಕದಲ್ಲಿ ಕೂರಿಸಿಕೊಂಡರು.